ಭಟ್ರ ಬಾಯಿಗೆ ಬಾರದ ಖ

ಚೆನ್ನೈನ ವಡಪಳನಿಯ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ ಜಲಜಾಕ್ಷಿಯ ಮನೆ ಯಾವುದೆಂದು ಕೇಳಿ ನೋಡಿ. ಹೂ ಕಟ್ಟುವವಳು ಕೈ ನಿಲ್ಲಿಸದೆ, “ಸೀರಿಯಲ್ ಅಮ್ಮಾವಾ? ಮಾಡಿ ಮೇಲೆ” ಎಂದು ಗದ್ದ ಎತ್ತಿ ಮಹಡಿ ತೋರಿಸುತ್ತಾಳೆ. ಮೆಟ್ಟಿಲು ಹತ್ತುವಾಗಲೇ ಮೇಲಿಂದ ಅಳು ಕೇಳುತ್ತದೆ, ಬೈಗುಳ ಕೇಳುತ್ತದೆ, ಯಾರೋ ಯಾರನ್ನೋ ಮನೆಯಿಂದ ಹೊರಗೆ ಹಾಕುತ್ತಿರುತ್ತಾರೆ. ಗಾಬರಿಯಾಗಬೇಡಿ, ಅದು ಅವಳ ಕೆಲಸ. ತಮಿಳು ಧಾರಾವಾಹಿಯ ಮಾತು ಕೇಳಿಸಿಕೊಂಡು, ಅದೇ ಅಳತೆಗೆ ಕನ್ನಡದ ಮಾತು ಕೂರಿಸಿ, ಡಬ್ಬಿಂಗ್ ಸ್ಟುಡಿಯೋಗೆ ಬರೆದು ಕೊಡುತ್ತಾಳೆ.

ಜಲಜಾಕ್ಷಿಗೆ ಕಣ್ಣು ಕಾಣುವುದಿಲ್ಲ. ಮಂಗಳೂರಿನ ಹತ್ತಿರದ ಶಾಲೆಯಲ್ಲಿ ಓದುತ್ತಿದ್ದಾಗ ಬೋರ್ಡಿನ ಮೇಲಿನ ಅಕ್ಷರ ಮೊದಲು ಮಸುಕಾಯಿತು, ಆಮೇಲೆ ಬೋರ್ಡೇ ಹೋಯಿತು. ಕಮಲದಂಥ ಕಣ್ಣಿನವಳು ಎಂದು ಅರ್ಥ ಬರುವ ಹೆಸರು ಇಟ್ಟುಕೊಂಡು ಹೀಗಾಯಿತಲ್ಲ ಎಂದು ಯಾರಾದರೂ ಲೊಚಗುಟ್ಟುವ ಮೊದಲೇ ಅವಳೇ ಹೇಳಿಬಿಡುತ್ತಾಳೆ, “ಹೆಸರಲ್ಲಿ ಕಣ್ಣು ಉಂಟಲ್ಲ ಮಾರಾಯ್ರೆ, ಮುಖದಲ್ಲಿ ಬೇರೆ ಎಂತಕ್ಕೆ?” ಕೇಳಿದವರು ನಗಬೇಕೋ ಬೇಡವೋ ಗೊತ್ತಾಗದೆ ಒದ್ದಾಡುತ್ತಾರೆ. ಆ ಒದ್ದಾಟ ಅವಳಿಗೆ ಭಾರಿ ಇಷ್ಟ.

ಕಣ್ಣಿಲ್ಲದವಳು ಪರದೆಯ ಮೇಲಿನ ತುಟಿಗೆ ಮಾತು ಹೇಗೆ ಹೊಂದಿಸುತ್ತಾಳೆ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು, ಅದು ಕಿವಿಗೇ ತಿಳಿಯುತ್ತದೆ. ನಟಿ ಎಲ್ಲಿ ಉಸಿರು ಎಳೆದಳು, ಎಲ್ಲಿ ಮಾತು ನುಂಗಿದಳು, ಅದೂ ತಿಳಿಯುತ್ತದೆ. ಉಳಿದದ್ದನ್ನು ಸ್ಟುಡಿಯೋದಲ್ಲಿ ಹರಿದಾಸ ನೋಡಿಕೊಳ್ಳುತ್ತಾನೆ. ಕನ್ನಡ ಡಬ್ಬಿಂಗಿನ ಉಸ್ತುವಾರಿ ಅವನದ್ದು, ಅವನೂ ಕರಾವಳಿಯವನೇ, ಇವಳನ್ನು ಜಲಜಕ್ಕ ಎನ್ನುತ್ತಾನೆ.

ಬರೆಯುವುದು ಕಂಪ್ಯೂಟರಿನಲ್ಲಿ. ಬರೆದದ್ದನ್ನು ಓದಿ ಹೇಳುವುದಕ್ಕೆ ಅದರೊಳಗೆ ಒಂದು ದನಿ. ಬಹಳ ವರ್ಷಗಳ ಹಿಂದೆ ಅವಳು ಕಂಪ್ಯೂಟರ್ ಕಲಿತ ತರಬೇತಿ ಕೇಂದ್ರದವರು ಹಾಕಿಕೊಟ್ಟ ಗಂಡು ದನಿ ಅದು. ಏರಿಲ್ಲ, ಇಳಿವಿಲ್ಲ, ಅಳುವ ಸೊಸೆಯೂ ಅಬ್ಬರಿಸುವ ಅತ್ತೆಯೂ ಅದರ ಬಾಯಲ್ಲಿ ಒಂದೇ. ಶ್ರಾದ್ಧದ ಮಂತ್ರವನ್ನು ಊಟಕ್ಕೆ ಹೊತ್ತಾಯಿತೆಂದು ಓಡಿಸುವವರ ಹಾಗೆ ಓದುತ್ತದೆ. ಹಾಗಾಗಿ ಅದಕ್ಕೆ ಆ ಮನೆಯಲ್ಲಿ ಭಟ್ರು ಎಂದು ಹೆಸರು. “ಸುಮ್ಮನಿರಿ, ಭಟ್ರು ಓದ್ತಾ ಇದ್ದಾರೆ” ಎಂದರೆ ಗಂಡ ಮೋನಪ್ಪ ಲೋಟ ಕೂಡ ಸದ್ದಾಗದಂತೆ ಇಡುತ್ತಿದ್ದ. ಪುರಸೈವಾಕ್ಕಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆತ. ಅಲ್ಲಿ ಇಡೀ ದಿನ ಕೂಗುವವನು ಮನೆಯಲ್ಲಿ ಪಿಸುಗುಟ್ಟುತ್ತಾನೆ.

ಈಗ ಜಲಜಾಕ್ಷಿಯ ಒಂದು ಹಠದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಣ್ಣು ಹೋದ ಹೊಸದರಲ್ಲಿ ತವರಿನಲ್ಲಿ ಅವಳು ಪಾತ್ರೆ ತೊಳೆದು ಬೋರಲು ಹಾಕಿ ಒಳಗೆ ಹೋದರೆ, ಹಿಂದಿನಿಂದ ಮತ್ತೆ ನಲ್ಲಿಯ ಸದ್ದು ಕೇಳುತ್ತಿತ್ತು. ಯಾರೋ ಅವೇ ಪಾತ್ರೆಗಳನ್ನು ಇನ್ನೊಮ್ಮೆ ತೊಳೆಯುತ್ತಿದ್ದರು. ಅವಳು ಗುಡಿಸಿದ ಜಗಲಿಯನ್ನು ಮತ್ತೆ ಯಾರೋ ಗುಡಿಸುತ್ತಿದ್ದರು. ಬಾಯಿಬಿಟ್ಟು ಒಬ್ಬರೂ ಒಂದು ಮಾತು ಅನ್ನಲಿಲ್ಲ, ಎಲ್ಲರೂ ಪ್ರೀತಿಯವರೇ. ಆದರೆ ಆ ನಲ್ಲಿಯ ಸದ್ದು ಅವಳ ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿತು. ಚೆನ್ನೈಗೆ ಬಂದು ಈ ಕೆಲಸ ಹಿಡಿದ ಮೇಲೆ ಅವಳು ಬಂದವರಿಗೆಲ್ಲ ಹೇಳುತ್ತಿದ್ದ ಮಾತೆಂದರೆ ಇದು: “ನನ್ನ ಬರಹ ನಾನು ಬರೆದದ್ದು, ನಾನೇ ತಿದ್ದಿದ್ದು. ಇನ್ನೊಬ್ಬರು ಅದನ್ನು ಹಿಂದಿನಿಂದ ತೊಳೆಯುವ ದಿನ ಬಂದ್ರೆ ಅವತ್ತೇ ಈ ಕಂಪ್ಯೂಟರ್ ಡಬ್ಬಿ ಮುಚ್ಚಿಡ್ತೇನೆ.”

ಮೂರು ವರ್ಷದ ಹಿಂದೆ ಮಳೆಯಲ್ಲಿ ಮೆಟ್ಟಿಲು ಜಾರಿ ಎಡಗೈ ಮಣಿಕಟ್ಟು ಮುರಿದಾಗಲೂ ಅವಳು ಡಬ್ಬಿ ಮುಚ್ಚಲಿಲ್ಲ. ಕಟ್ಟು ಬಿಚ್ಚಿದ ಮರುದಿನವೇ ಕುಳಿತಳು. ಕಿರುಬೆರಳು ಮಾತ್ರ ಸೋತದ್ದು ಸೋತೇ ಉಳಿಯಿತು. ದೀರ್ಘ ಹಾಕಿದಲ್ಲಿ ಒಮ್ಮೊಮ್ಮೆ ಹ್ರಸ್ವ ಬೀಳುತ್ತಿತ್ತು, ಭಟ್ರು ಓದಿದೊಡನೆ ಕಿವಿಗೆ ಹಿಡಿಯುತ್ತಿತ್ತು, ಅವಳು ತಿದ್ದಿಕೊಳ್ಳುತ್ತಿದ್ದಳು. ಬರೆದು ಮುಗಿಸಿದ್ದರ ಪ್ರತಿ ತೆಗೆದು, ಸ್ಟುಡಿಯೋದವರಿಗೆ ಬೇಕಾದ ಹಾಗೆ ಸಾಲು ಜೋಡಿಸಿ ಮೇಲ್ ಮಾಡುವುದು ಮಗಳು ಸಮೀಕ್ಷಾ. ಪ್ರತಿ ಮಾತಿಗೂ ನಂಬರು ಇರುತ್ತಿದ್ದುದರಿಂದ ಅದಕ್ಕೆ ಕನ್ನಡ ಓದಲು ಬರಬೇಕೆಂದಿಲ್ಲ. “ಅದು ಕೊರಿಯರಿನವರ ಕೆಲಸ, ಬರಹದ್ದಲ್ಲ” ಎಂದು ಜಲಜಾಕ್ಷಿ ಆ ಒಂದು ಸಹಾಯವನ್ನು ಮಾತ್ರ ಒಪ್ಪಿಕೊಂಡಿದ್ದಳು.

ಸಮೀಕ್ಷಾ ಹುಟ್ಟಿದ್ದು, ಓದಿದ್ದು ಎಲ್ಲ ಚೆನ್ನೈಯಲ್ಲೇ, ತಮಿಳು ಶಾಲೆಯಲ್ಲೇ. ಅಮ್ಮನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಇಡೀ ದಿನ ಊರಿನವರ ಬಾಯಿಗೆಲ್ಲ ಕನ್ನಡ ತುಂಬುವವಳ ಮನೆಯಲ್ಲೇ ಕನ್ನಡ ಮಾತಾಡುವ ಮಗಳಿಲ್ಲ! ಜಲಜಾಕ್ಷಿ ಇದನ್ನು ತಮಾಷೆ ಮಾಡಿಯೇ ಹೇಳುತ್ತಿದ್ದಳು, ಆದರೆ ಹೇಳಿದ ಕೂಡಲೇ ಹೆಡ್‌ಫೋನ್ ಏರಿಸಿಕೊಂಡು ಕೆಲಸಕ್ಕೆ ತಿರುಗುತ್ತಿದ್ದಳು.

ಈ ಸಮೀಕ್ಷಾಗೆ ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬೆಳಗ್ಗೆ ಹೋದರೆ ಕತ್ತಲಾಗುವಾಗ ಬರುವುದು. ಕೆಲಸಕ್ಕೆ ಸೇರುವ ಹಿಂದಿನ ವಾರ, ಒಂದು ಗುರುವಾರ, ಅವಳು ಅಮ್ಮನ ಕಂಪ್ಯೂಟರಿನ ಮುಂದೆ ಕುಳಿತು ಅದರ ಹಳೆಯ ವಿಂಡೋಸ್ ತೆಗೆದು ಹೊಸದನ್ನು ಹಾಕಿಬಿಟ್ಟಳು. ಹಳೆಯದಕ್ಕೆ ಇನ್ನು ಕಂಪನಿಯ ರಕ್ಷಣೆ ಇಲ್ಲ, ವೈರಸ್ ಬಂದರೆ ಬರೆದದ್ದೆಲ್ಲ ಹೋದೀತು ಎಂದು ಕಾರಣ ಕೊಟ್ಟಳು. ಜಲಜಾಕ್ಷಿ ಸಂಶಯದಿಂದಲೇ ಕುಳಿತು ಕಿವಿಗೆ ಹೆಡ್‌ಫೋನ್ ಏರಿಸಿದಳು.

“ಭಟ್ರು ಎಲ್ಲಿ?”

ಭಟ್ರು ಇರಲಿಲ್ಲ. ಆ ದನಿಯನ್ನು ಮಾಡಿದವರೇ ಅದನ್ನು ಕೈಬಿಟ್ಟಿದ್ದರಂತೆ, ಹೊಸದರಲ್ಲಿ ಅದು ನಡೆಯುವುದಿಲ್ಲವಂತೆ. ಭಟ್ರ ಜಾಗದಲ್ಲಿ ಒಬ್ಬಳು ಹೆಣ್ಣುಮಗಳು, ಜೇನು ಸವರಿದ ಗಂಟಲು, ಪ್ರತಿ ವಾಕ್ಯದ ಕೊನೆಗೆ ಒಂದು ಸಣ್ಣ ಉಸಿರು ಬೇರೆ.

“ಅಯ್ಯೋ, ಇವಳು ಎಂತ, ಮದುವೆ ಮನೆಗೆ ಬಂದವಳ ಹಾಗೆ ಮಾತಾಡ್ತಾಳೆ! ನಂಗೆ ಬೇಡ ಮಾರಾಯ್ತಿ. ಭಟ್ರನ್ನು ತಾ.”

“ಕೊಂಜ ನಾಳ್ ಪಾರು ಮಾ,” ಎಂದಳು ಸಮೀಕ್ಷಾ. ಸ್ವಲ್ಪ ದಿನ ನೋಡು. ಹಿಡಿಸದಿದ್ದರೆ ಹಳೆಯದಕ್ಕೇ ಹೋಗಬಹುದು, ಅದಕ್ಕೊಂದು ಗುಂಡಿ ಇದೆ, ಆದರೆ ಹತ್ತು ದಿನ, ಅಂದರೆ ಮುಂದಿನ ವಾರದ ಭಾನುವಾರದವರೆಗೆ ಮಾತ್ರ. ಆಮೇಲೆ ಹಳೆಯದನ್ನು ಕಂಪ್ಯೂಟರೇ ಅಳಿಸಿ ಹಾಕುತ್ತದೆ, ಭಟ್ರು ಮತ್ತೆ ಸಿಗುವುದಿಲ್ಲ.

ಹೊಸ ದನಿಗೆ ಜಲಜಾಕ್ಷಿ ಹೊಸ ಸೊಸೆ ಎಂದು ಹೆಸರಿಟ್ಟಳು. ಒಲ್ಲದ ಮನಸ್ಸಿನಿಂದ ಅವತ್ತಿನ ಕಂತು ಬರೆದಳು. ಅತ್ತೆಯ ಮುಂದೆ ಸೊಸೆ ಕಣ್ಣೀರಿಟ್ಟು ಬೇಡಿಕೊಳ್ಳುವ ದೃಶ್ಯ. ಬರೆದು ಮುಗಿಸಿ, ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟು, ಓದು ಎಂದು ಗುಂಡಿ ಒತ್ತಿದಳು. ಮಧ್ಯಾಹ್ನದ ಹೊತ್ತು, ಮೋನಪ್ಪ ಊಟಕ್ಕೆ ಬಂದವನು ಚಹಾ ಕುಡಿಯುತ್ತಿದ್ದ. ಹೊಸ ಸೊಸೆ ದನಿಯಲ್ಲಿ ಎಲ್ಲಿಲ್ಲದ ಆರ್ದ್ರತೆ ತುಂಬಿಕೊಂಡು ಓದಿದಳು:

“ಅತ್ತೆ, ನಿಮ್ಮ ಕಾಲಿಗೆ ಬೀಳುತ್ತೇನೆ. ಒಮ್ಮೆ ಬಾಯಿ ಬಿಟ್ಟು ಹೇಲಿ.”

ಮೋನಪ್ಪನ ಚಹಾ ಮೂಗಿಗೆ ಹತ್ತಿತು. ಕೆಮ್ಮಿ, ನಕ್ಕು, ಮತ್ತೆ ಕೆಮ್ಮಿ, ಗೋಡೆ ಹಿಡಿದುಕೊಂಡ. “ಇದು ಎಂತ ಸೀರಿಯಲ್ ಜಲಜ! ಅತ್ತೆಯ ಗತಿ ಎಂತ ಆದೀತು?”

“ಛೀ! ನಾನು ಬರೆದದ್ದು ಹೇಳಿ ಅಂತ. ಇವಳಿಗೆ ಕನ್ನಡ ಕಲಿಸಿದವರು ಯಾರು? ಳ ಬರುವುದಿಲ್ಲ ಇವಳಿಗೆ. ಒಂದು ಕಡೆ ಹೇಳ್ತಾಳೆ, ಒಂದು ಕಡೆ ಹೊಲಸು ಮಾಡ್ತಾಳೆ.”

ಸಂಜೆಯವರೆಗೆ ಹೊಸ ಸೊಸೆ ಹೀಗೆಯೇ ಮಾನ ಕಳೆದಳು. “ನನ್ನ ಸಂಸಾರ ಹಾಲು ಮಾಡಿದೆಯಲ್ಲೋ” ಎಂದಳು. “ಅನ್ನ ಬಂದಿದ್ದಾನೆ, ಬಾಗಿಲು ತೆಗಿ” ಎಂದಳು. ಎಲ್ಲ ಕಡೆಯೂ ಅಲ್ಲ, ಅಲ್ಲೊಂದು ಇಲ್ಲೊಂದು. ಜಲಜಾಕ್ಷಿಗೆ ತಲೆ ಕೆಟ್ಟು ಹೋಯಿತು. ಸಮೀಕ್ಷಾ ಸಾಲು ಜೋಡಿಸಲು ಬಂದು ಕುಳಿತಾಗ ಅವಳ ಮೇಲೆ ಹರಿಹಾಯ್ದಳು. “ಈಗಲೇ ಆ ಗುಂಡಿ ಒತ್ತು. ನಂಗೆ ನನ್ನ ಭಟ್ರೇ ಸಾಕು.”

ಬೇರೆ ದಿನವಾಗಿದ್ದರೆ ಸಮೀಕ್ಷಾ ತಮಿಳಿನಲ್ಲೊಂದು ಎದುರುತ್ತರ ಕೊಡುತ್ತಿದ್ದಳು. ಅವತ್ತು ಕೊಡಲಿಲ್ಲ. “ಸಂಡೇ ವರೈಕ್ಕುಂ ಇರಟ್ಟುಂ ಮಾ,” ಭಾನುವಾರದವರೆಗೆ ಇರಲಿ, ಎಂದಷ್ಟೇ ಮೆಲ್ಲಗೆ ಹೇಳಿದಳು. ಆ ಮೆಲ್ಲಗಿನ ದನಿಯಲ್ಲಿ ಏನೋ ಸರಿಯಿಲ್ಲ ಎಂದು ಜಲಜಾಕ್ಷಿಯ ಕಿವಿಗೆ ಅನಿಸಿತು. ಆದರೆ ಸಿಟ್ಟು ಮೂಗಿನ ತುದಿಯಲ್ಲಿದ್ದಾಗ ಕಿವಿಯನ್ನು ಯಾರು ವಿಚಾರಿಸುತ್ತಾರೆ?

ಸೋಮವಾರ ಸಮೀಕ್ಷಾ ಕೆಲಸಕ್ಕೆ ಹೊರಟಳು. ಮನೆಯಲ್ಲಿ ಒಬ್ಬಳೇ ಆದ ಜಲಜಾಕ್ಷಿ ಒಂದು ಉಪಾಯ ಮಾಡಿದಳು. ಹೊಸ ಸೊಸೆಗೆ ಳ ಬರುವುದಿಲ್ಲ ಎಂದು ಮಗಳಿಗೆ ಸಾಬೀತು ಮಾಡಿ ತೋರಿಸಬೇಕು. ಖಾಲಿ ಹಾಳೆ ತೆರೆದು ಹತ್ತು ಸಲ ಹೇಳು, ಹೇಳು ಎಂದು ಬರೆಯುವುದು, ಅವಳು ಎಷ್ಟು ಸಲ ತಪ್ಪುತ್ತಾಳೆ ನೋಡುವುದು. ಅವಳು ಬಳಸುವ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಗುಂಡಿ. ಬರಿದೆ ಒತ್ತಿದರೆ ಲ, ಎಡಗಡೆಯ ಶಿಫ್ಟ್ ಹಿಡಿದು ಒತ್ತಿದರೆ ಳ. ಪರೀಕ್ಷೆ ಪಕ್ಕಾ ಇರಲಿ ಎಂದು ಅವಳು ಶಿಫ್ಟನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಅದುಮಿ, ಒಂದೊಂದೇ ಅಕ್ಷರ ನಿಧಾನ ಒತ್ತಿದಳು. ಓದಿಸಿದಳು.

ಹೇಳು, ಹೇಳು, ಹೇಳು. ಹೊಸ ಸೊಸೆ ನಾಲಗೆ ಮಡಚಿ, ಹತ್ತಕ್ಕೆ ಹತ್ತೂ ಳ ಎಂದಳು.

ಜಲಜಾಕ್ಷಿ ಇನ್ನೊಂದು ಖಾಲಿ ಹಾಳೆ ತೆರೆದಳು. ಆಮೇಲೆ ಎಂದಿನ ಹಾಗೆ, ಎಂದಿನ ವೇಗದಲ್ಲಿ, ಎಡಗೈ ಕಿರುಬೆರಳನ್ನೇ ಶಿಫ್ಟಿನ ಮೇಲಿಟ್ಟು ಹತ್ತು ಸಲ ಬರೆದಳು. ಹೇಳು, ಹೇಲು, ಹೇಲು, ಹೇಳು, ಹೇಲು.

ತಪ್ಪು ಹೊಸ ಸೊಸೆಯದ್ದಲ್ಲ. ಸೋತ ಕಿರುಬೆರಳು ಶಿಫ್ಟನ್ನು ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ. ಳ ಅಂದುಕೊಂಡಲ್ಲಿ ಲ, ಣ ಅಂದುಕೊಂಡಲ್ಲಿ ನ. ಹಾಗಾದರೆ ಭಟ್ರು? ಭಟ್ರು ಒಮ್ಮೆಯೂ ಹೇಳಲಿಲ್ಲವಲ್ಲ! ಹೇಳುವುದು ಹೇಗೆ, ಭಟ್ರಿಗೆ ಲ, ಳ ಎರಡೂ ಒಂದೇ, ನ, ಣ ಒಂದೇ. ದೀರ್ಘ, ಹ್ರಸ್ವ ಬೇರೆ ಕೇಳುತ್ತಿದ್ದುದರಿಂದ ಅವನ್ನು ಅವಳು ತಿದ್ದುತ್ತಿದ್ದಳು. ಕೇಳದೇ ಇದ್ದದ್ದನ್ನು ಅವಳ ಮನಸ್ಸೇ ಸರಿಯಾಗಿ ಕೇಳಿಸಿಕೊಂಡುಬಿಡುತ್ತಿತ್ತು. ಹೊಸ ಸೊಸೆ ಮಾತ್ರ ಬರೆದದ್ದನ್ನು ಬರೆದ ಹಾಗೇ ಓದಿದ್ದಳು, ಬೈಸಿಕೊಂಡಿದ್ದಳು.

ಅವಳು ಹಳೆಯ ಕಂತುಗಳನ್ನು ತೆರೆದಳು. ಹೋದ ತಿಂಗಳಿನದು, ಹೋದ ವರ್ಷದ್ದು, ಕೈಕಟ್ಟು ಬಿಚ್ಚಿದ ಮರುದಿನದ್ದು. ಎಲ್ಲದರಲ್ಲೂ ಅತ್ತೆಯರು, ಮಾವಂದಿರು, ಡಾಕ್ಟರು, ಪೊಲೀಸರು ಒಬ್ಬರಿಗೊಬ್ಬರು ಹೇಲು, ಹೇಲಿ ಎನ್ನುತ್ತಿದ್ದರು. ಮೊದಲಾಗಿದ್ದರೆ ಅವಳೇ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಾಚಿಕೆಯಿಂದ ಕಿವಿ ಸುಟ್ಟಿತು. ಕಣ್ಣಿದ್ದವರೆಲ್ಲ ಇದನ್ನು ನೋಡಿದ್ದಾರೆ, ನೋಡಿ ಸುಮ್ಮನಿದ್ದಾರೆ, ಪಾಪ ಎಂದುಕೊಂಡು ಹಿಂದಿನಿಂದ ತಿದ್ದಿದ್ದಾರೆ. ಅದೇ ನಲ್ಲಿಯ ಸದ್ದು. ಇಲ್ಲಿ ಅದು ಕೇಳಿಸಲೂ ಇಲ್ಲ.

ತೊಳೆದವನು ಹರಿದಾಸನೇ ಇರಬೇಕೆಂದು ಅವಳು ಫೋನ್ ಮಾಡಿದಳು. ನೇರ ಕೇಳುವ ಧೈರ್ಯವಾಗಲಿಲ್ಲ, ಸುತ್ತಿ ಬಳಸಿ ಕೇಳಿದಳು. “ಹರಿದಾಸಾ, ನನ್ನ ಸ್ಕ್ರಿಪ್ಟಿನಲ್ಲಿ ಅಕ್ಷರ ಗಿಕ್ಷರ ತಪ್ಪಿರ್ತದಾ? ಲ, ಳ ಹೀಗೆಲ್ಲ? ನಿಜ ಹೇಳು ಮಾರಾಯ.”

“ಲ, ಳ? ಎಂತ ಜಲಜಕ್ಕ, ನಿಮ್ಮಷ್ಟು ಕ್ಲೀನ್ ಬರೆಯುವವರು ಇಲ್ಲಿ ಯಾರಿದ್ದಾರೆ? ಒಂದೇ ಒಂದು ತಪ್ಪಿರುವುದಿಲ್ಲ.” ಹರಿದಾಸ ಸ್ವಲ್ಪ ತಡೆದು ನಕ್ಕ. “ಹಾಂ, ಒಂದು ಉಂಟು. ಖ ಮಾತ್ರ ನೀವು ಅರ್ಧಕ್ಕರ್ಧ ಕ ಬರೀತೀರಿ. ಸುಕ, ದುಃಕ, ಮುಕ. ನಮ್ಮ ಊರಿನವರು ಹಾಗೇ ಅಲ್ವಾ ಹೇಳುವುದು, ಉಸಿರು ಉಳಿತಾಯ! ಅದು ಮೈಕಿನ ಮುಂದೆ ಆರ್ಟಿಸ್ಟುಗಳೇ ಸರಿ ಹೇಳ್ಕೊಳ್ತಾರೆ, ಬಿಡಿ.”

ಫೋನ್ ಇಟ್ಟ ಮೇಲೆ ಅವಳಿಗೆ ಗೊಂದಲ ಹೆಚ್ಚಾಯಿತು. ಖ ಕೂಡ ಅದೇ ಎಡಗಡೆಯ ಶಿಫ್ಟಿನದ್ದು, ಅದೂ ಭಟ್ರ ಬಾಯಲ್ಲಿ ಕ. ಇವಳ ಕಂಪ್ಯೂಟರಿನಲ್ಲಿ ಮೂರೂ ತಪ್ಪಿವೆ. ಹರಿದಾಸನಿಗೆ ತಲುಪುವಾಗ ಳ ಸರಿಯಾಗಿದೆ, ಣ ಸರಿಯಾಗಿದೆ, ಖ ಮಾತ್ರ ಹಾಗೇ ಉಳಿದಿದೆ. ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಯಾರೋ ಕುಳಿತು ತಿದ್ದಿದ್ದಾರೆ. ಮೋನಪ್ಪ? ಆತ ಊರಿನ ಶಾಲೆಯಲ್ಲಿ ಓದಿದವನು, ಮಾತಿನಲ್ಲಿ ಹೇಗೇ ಇರಲಿ, ಸುಖ ಎಂದು ಬರೆಯುವಾಗ ಖ ಬಿಡುವವನಲ್ಲ. ಳ ಗೊತ್ತಿರಬೇಕು, ಣ ಗೊತ್ತಿರಬೇಕು, ಖ ಎಂಬ ಅಕ್ಷರವೊಂದು ಬೇರೆ ಇದೆ ಎಂಬುದೇ ಗೊತ್ತಿರಬಾರದು. ಅಂಥವರು ಯಾರು?

ತಮಿಳಿನಲ್ಲಿ ಅಕ್ಷರ ಕಲಿತವರು. ಅಲ್ಲಿ ಲ ಬೇರೆ, ಳ ಬೇರೆ, ನ ಬೇರೆ, ಣ ಬೇರೆ, ಮೇಷ್ಟ್ರು ಕಿವಿ ಹಿಂಡಿ ಕಲಿಸುತ್ತಾರೆ. ಕ ಮಾತ್ರ ಒಂದೇ.

ಜಲಜಾಕ್ಷಿ ಕುರ್ಚಿ ತಿರುಗಿಸಿ, ಮಗಳು ಬರುವ ಮೆಟ್ಟಿಲಿನ ಕಡೆ ಕಿವಿಯಿಟ್ಟು ಕುಳಿತಳು.

ಸಂಜೆ ಸಮೀಕ್ಷಾ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮನ ಮಾತು ಬಂತು. “ಸಮೀ, ಬಾ ಇಲ್ಲಿ. ಕೂತ್ಕೋ. ಬಾಳೆಹಣ್ಣು ಅಂತ ಕನ್ನಡದಲ್ಲಿ ಬರೆಯುವಾಗ ಯಾವ ಲ? ಯಾವ ನ?”

ಸಮೀಕ್ಷಾ ಬಂದು ಕುಳಿತಳು. ಬ್ಯಾಗು ನೆಲಕ್ಕಿಟ್ಟ ಸದ್ದಾಯಿತು.

“ಎಷ್ಟು ದಿನದಿಂದ?”

“ಉನ್ ಕೈ ಒಡೆಂಜದಿಲೇರುಂದು,” ಎಂದಳು. ನಿನ್ನ ಕೈ ಮುರಿದಂದಿನಿಂದ.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಕೈಕಟ್ಟು ಬಿಚ್ಚಿದ ಮೇಲೆ ಕಳಿಸಿದ ಮೊದಲ ಕಂತಿಗೆ ಸ್ಟುಡಿಯೋದ ಯಾರೋ ಹುಡುಗಿಯಿಂದ ಒಂದು ಮೇಲ್ ಬಂದಿತ್ತು, ತಪ್ಪುಗಳು ಜಾಸ್ತಿ ಇವೆ, ಬೇರೆಯವರಿಂದ ಒಮ್ಮೆ ನೋಡಿಸಿ ಕಳಿಸಿ ಎಂದು. ಅದನ್ನು ಸಮೀಕ್ಷಾ ಅಮ್ಮನಿಗಿಂತ ಮೊದಲೇ ನೋಡಿ ಅಳಿಸಿಬಿಟ್ಟಳು. ಆಗಿನ್ನೂ ಅವಳಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಕಾಲೇಜಿನಿಂದ ನೇರ ಪುರಸೈವಾಕ್ಕಂಗೆ ಹೋಗಿ, ಹೋಟೆಲಿನ ಮೂಲೆಯ ಮೇಜಿನಲ್ಲಿ ಅಪ್ಪನ ಕನ್ನಡ ಪೇಪರು ಹಿಡಿದು ಕಲಿತಳು. ಅಪ್ಪ ಹೇಳಿಕೊಟ್ಟದ್ದು. ಅಪ್ಪ ಕ ತೋರಿಸಿಯೂ ಕ ಎನ್ನುತ್ತಿದ್ದ, ಖ ತೋರಿಸಿಯೂ ಕ ಎನ್ನುತ್ತಿದ್ದ. ಒಂದೇ ಅಕ್ಷರಕ್ಕೆ ಎರಡು ರೂಪ ಇರಬೇಕು ಅಂದುಕೊಂಡಳು ಇವಳು.

“ಅಪ್ಪನಿಗೂ ಗೊತ್ತುಂಟು! ಇಬ್ಬರೂ ಸೇರಿ ನನ್ನನ್ನು ಗೊಂಬೆ ಮಾಡಿ ಕೂರಿಸಿದ್ರಲ್ಲ!” ಜಲಜಾಕ್ಷಿ ಹೆಡ್‌ಫೋನನ್ನು ಮೇಜಿಗೆ ಕುಕ್ಕಿದಳು. “ಮೂರು ವರ್ಷ ಬಂದವರ ಮುಂದೆಲ್ಲ ಜಂಬ ಕೊಚ್ಚಿದ್ದೇನೆ, ನನ್ನ ಬರಹ ನಾನೇ ತಿದ್ದುವುದು ಅಂತ. ಪಕ್ಕದಲ್ಲೇ ಕೂತು ನೀನು ಕೇಳಿದ್ದೀ. ಒಂದು ಮಾತು ಹೇಳ್ಬಾರ್ದಿತ್ತಾ?”

“ಎಪ್ಪಡಿ ಮಾ ಸೊಲ್ಲುವೇನ್?” ಹೇಗಮ್ಮ ಹೇಳಲಿ, ಎಂದ ಸಮೀಕ್ಷಾ ಅಲ್ಲಿಗೇ ತಡೆದಳು. ಮುಂದಿನ ಮಾತು ಕನ್ನಡದಲ್ಲಿ ಬಂತು, ಎಡವುತ್ತ, ಹುಡುಕುತ್ತ. “ನೀನೇ ಹೇಳಿದ್ದಿ ಅಲ್ವಾ. ಯಾರಾದ್ರೂ ತೊಳೆದ್ರೆ ಡಬ್ಬಿ ಮುಚ್ಚಿಡ್ತೇನೆ ಅಂತ. ನಂಗೆ ಭಯ ಆಯ್ತು. ನೀನು ಮುಚ್ಚಿಟ್ರೆ, ಆಮೇಲೆ ನೀನು ಇಡೀ ದಿನ ಎಂತ ಮಾಡ್ತಿ?”

ಜಲಜಾಕ್ಷಿ ಕೀಲಿಮಣೆಯನ್ನು ದೂರ ಸರಿಸಿದಳು.

“ಈಗ ನಂಗೆ ಆಫೀಸು. ದಿನಾ ತಿದ್ಲಿಕ್ಕೆ ಆಗಲ್ಲ. ಅದಕ್ಕೇ ಹೊಸ ವಾಯ್ಸ್ ಹುಡುಕಿ ಹಾಕಿದೆ. ಮಿಷಿನ್ ಹೇಳಿದ್ರೆ ನಿಂಗೆ ಅಷ್ಟು ಬೇಜಾರಾಗಲ್ಲ ಅಂತ.” ಮೂಗೆಳೆದ ಸದ್ದಾಯಿತು. “ನಿಂಗೆ ಬೇಡ ಅಂದ್ರೆ ಸಂಡೇ ಪಳಸುಕ್ಕೇ ಪೋಯಿಡಲಾಂ, ಹಳೇದಕ್ಕೇ ಹೋಗುವ. ಭಟ್ರು ಬರ್ತಾರೆ. ನಾನು ಬೆಳಗ್ಗೆ ಬೇಗ ಎದ್ದು ತಿದ್ತೇನೆ. ಮುಂಚಿನ ಹಾಗೇ.”

ಆ ವಾರ ಆ ಮನೆಯಲ್ಲಿ ಮಾತು ಕಡಿಮೆ. ಮೋನಪ್ಪ ಅಪರಾಧಿಯಂತೆ ಹೋಟೆಲಿನಿಂದ ಅವಳಿಗೆ ಇಷ್ಟದ ಬನ್ಸ್ ಕಟ್ಟಿಸಿಕೊಂಡು ಬಂದ. ಜಲಜಾಕ್ಷಿ ಮುಖ ಊದಿಸಿಕೊಂಡೇ ತಿಂದಳು. ಸಿಟ್ಟು ಇಳಿಯಲು ನೋಡುತ್ತಿತ್ತು, ಅವಳೇ ಇಳಿಯಲು ಬಿಡುತ್ತಿರಲಿಲ್ಲ. ಏಕೆಂದರೆ ಸಿಟ್ಟು ಇಳಿದರೆ ಅದರ ಕೆಳಗೆ ಇರುವುದು ದುಃಖ ಎಂದು ಅವಳಿಗೆ ಗೊತ್ತಿತ್ತು.

ಕೆಲಸ ಮಾತ್ರ ನಿಲ್ಲಿಸಲಿಲ್ಲ. ಹೊಸ ಸೊಸೆಯ ಜೊತೆ ಕುಳಿತಳು. ಪ್ರತಿ ಹೇಲಿಗೂ ಹಿಂದೆ ಹೋಗಿ, ಶಿಫ್ಟನ್ನು ಹೆಬ್ಬೆರಳಿನಿಂದ ಅದುಮಿ, ಳ ಮಾಡಿದಳು. 'ಸುಕ' ಎಂದು ಹೊಸ ಸೊಸೆ ಓದಿದಲ್ಲೆಲ್ಲ ನಿಂತು ಖ ಕೂರಿಸಿದಳು. ಬೆಳಗ್ಗೆ ಮುಗಿಯುತ್ತಿದ್ದ ಕಂತು ಸಂಜೆಗೆ ಮುಗಿಯತೊಡಗಿತು. ಬೆನ್ನು ನೋಯುತ್ತಿತ್ತು, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಒಂದು ಸಂಜೆ ಬರೆದದ್ದನ್ನೆಲ್ಲ ಕೊನೆಯಲ್ಲಿ ಓದಿಸಿದಾಗ ಹೊಸ ಸೊಸೆ ಒಂದು ಕಡೆಯೂ ಎಡವದೆ ಓದಿ ಮುಗಿಸಿದಳು. ಸಾಲು ಜೋಡಿಸಲು ಬಂದ ಸಮೀಕ್ಷಾ ಎಂದಿಗಿಂತ ಬೇಗ ಎದ್ದು ಹೋದಳು. ಅಂದರೆ ಅವತ್ತು ಅವಳಿಗೆ ತಿದ್ದಲು ಏನೂ ಸಿಗಲಿಲ್ಲ. ಜಲಜಾಕ್ಷಿ ಆ ಹೆಜ್ಜೆ ಸದ್ದು ಕೇಳುತ್ತ ಕುಳಿತಳು, ಎಷ್ಟು ಸಮಾಧಾನವಾಯಿತು ಎಂದು ಯಾರಿಗೂ ಹೇಳಲಿಲ್ಲ.

ಭಟ್ರ ನೆನಪು ಮಾತ್ರ ಬಿಡಲಿಲ್ಲ. ಎಷ್ಟೋ ವರ್ಷ ಆ ಒಣ ದನಿ ಅವಳ ಜೊತೆಗಿತ್ತು. ಸಮೀಕ್ಷಾ ಶಾಲೆಗೆ ಹೋಗುವುದಿಲ್ಲವೆಂದು ಅತ್ತಾಗ ಇತ್ತು, ಊರಿನಲ್ಲಿ ಅಮ್ಮ ತೀರಿಹೋದ ಸುದ್ದಿ ಬಂದ ದಿನವೂ ಇತ್ತು. ಆ ದನಿಯ ಮುಂದೆ ಅವಳು ಯಾವತ್ತೂ ಸಣ್ಣವಳಾಗಲಿಲ್ಲ. ಈಗ ಯೋಚಿಸಿದರೆ, ತಪ್ಪು ಕೇಳಿಸದೇ ಇದ್ದುದರಿಂದಲೇ ಅಷ್ಟು ಹಾಯಾಗಿದ್ದಳು. ಆ ನೆಮ್ಮದಿಗಾಗಿ ಮಗಳು ಕೂಲಿ ದುಡಿಯುತ್ತಿದ್ದಳು, ಸಾಲು ಜೋಡಿಸುವ ನೆಪದಲ್ಲಿ, ಪಕ್ಕದಲ್ಲೇ ಕುಳಿತು, ಉಸಿರು ಬಿಗಿಹಿಡಿದು.

ಭಾನುವಾರ ಬೆಳಗ್ಗೆ ಸಮೀಕ್ಷಾ ಕಂಪ್ಯೂಟರಿನ ಮುಂದೆ ಕುಳಿತಳು. ಗುಡಿಯ ನಾದಸ್ವರ ಕಿಟಕಿಯಿಂದ ಬರುತ್ತಿತ್ತು. ಮೋನಪ್ಪ ಬಾಗಿಲ ಹತ್ತಿರ ನಿಂತಿದ್ದ, ಉಸಿರಾಟದಲ್ಲೇ ಗೊತ್ತಾಗುತ್ತಿತ್ತು.

“ಅಮ್ಮಾ, ಆ ಗುಂಡಿ ಇಲ್ಲುಂಟು. ಒತ್ತಲಾ?”

“ಒತ್ತಿದ್ರೆ ಭಟ್ರು ಬರ್ತಾರೆ.”

“ಬರ್ತಾರೆ.”

“ನೀನು ಬೆಳಗ್ಗೆ ಎದ್ದು ತೊಳೀತಿ.”

ಸಮೀಕ್ಷಾ ಮೌಸು ಹಿಡಿದ ಸದ್ದಾಯಿತು.

“ಬೇಡ, ಬಿಡು,” ಎಂದಳು ಜಲಜಾಕ್ಷಿ. “ಭಟ್ರು ಒಳ್ಳೆಯವರೇ. ಆದ್ರೆ ಅವರು ನಂಗೆ ಬೇಕಾದ್ದನ್ನೇ ಓದಿದ್ರು. ಇವಳು ಬಿನ್ನಾಣಗಿತ್ತಿ, ನಾಲಗೆ ಕೆಟ್ಟದು, ಆದ್ರೆ ನಾನು ಬರೆದದ್ದು ಎಂತ ಅಂತ ನಂಗೇ ಹೇಳ್ತಾಳೆ. ತಪ್ಪು ನನ್ನದಾದ್ರೆ ಅದನ್ನು ಕೇಳುವ ಕಿವಿಯೂ ನನ್ನದೇ ಆಗ್ಬೇಕು. ಇರ್ಲಿ ಇವಳೇ.”

ಬಾಗಿಲ ಹತ್ತಿರ ಮೋನಪ್ಪ ಹಿಡಿದಿಟ್ಟ ಉಸಿರು ಬಿಟ್ಟ. ಸಮೀಕ್ಷಾ ಏಳಲು ನೋಡಿದಳು. ಇನ್ನು ತನಗೆ ಈ ಕುರ್ಚಿಯಲ್ಲಿ ಕೆಲಸವಿಲ್ಲ ಎಂದುಕೊಂಡಳೋ ಏನೋ. ಜಲಜಾಕ್ಷಿ ಅವಳ ಮೊಣಕೈ ಹಿಡಿದಳು.

“ಎಲ್ಲಿಗೆ ಹೊರಟೆ? ನಿನ್ನೆ ಬರೆದ ಕಂತು ತೆಗಿ. ಓದು.”

“ಅದಾನ್ ಎಲ್ಲಾಂ ಸರಿಯಾ ಇರುಕ್ಕೇ ಮಾ.” ಎಲ್ಲ ಸರಿಯಾಗಿಯೇ ಇದೆಯಲ್ಲಮ್ಮ.

“ತಿದ್ಲಿಕ್ಕೆ ಅಲ್ಲ, ಮಾರಾಯ್ತಿ. ಓದ್ಲಿಕ್ಕೆ. ಮೂರು ವರ್ಷ ನನ್ನ ಕನ್ನಡ ಓದಿದ್ದೀಯಲ್ಲ, ಒಂದು ದಿನ ಆದ್ರೂ ನಂಗೆ ಕೇಳುವ ಹಾಗೆ ಓದಿದ್ದೀಯಾ? ಇವತ್ತು ಓದು.”

ಸಮೀಕ್ಷಾ ಗಂಟಲು ಸರಿಮಾಡಿಕೊಂಡಳು. ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಹೇಳುವ ಮಾತು ಅದು. ಅವಳು ಅಕ್ಷರ ಅಕ್ಷರ ಹಿಡಿದುಕೊಂಡು, ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ ಓದಿದಳು. “ಅಳಬೇಡ ಮಗಳೇ. ಎಲ್ಲೇ ಇರು, ಸುಕವಾಗಿರು.”

“ಸುಕ ಅಲ್ಲ. ನೋಡು, ಕೈ ಕೊಡು.” ಜಲಜಾಕ್ಷಿ ಮಗಳ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದಳು. “ಕ. ಗಾಳಿ ಬಂತಾ? ಇಲ್ಲ. ಈಗ, ಖ. ಬಂತಾ? ಹೊಟ್ಟೆಯಿಂದ ಬರ್ಬೇಕು ಅದು. ನಿನ್ನಪ್ಪನಿಗೆ ಹೊಟ್ಟೆ ಇಷ್ಟು ದೊಡ್ಡದುಂಟು, ಒಂದು ಖ ಕಲಿಸ್ಲಿಕ್ಕೆ ಆಗಲಿಲ್ಲ.”

“ನನ್ನನ್ನು ಯಾಕೆ ಎಳೀತಿ ಮಾರಾಯ್ತಿ,” ಎಂದ ಮೋನಪ್ಪ ಬಾಗಿಲಿನಿಂದ. ಸಮೀಕ್ಷಾ ಅಳುತ್ತಲೇ ನಕ್ಕಳು.

ಆಮೇಲೆ ಜಲಜಾಕ್ಷಿ ತನ್ನ ಅಂಗೈಯನ್ನು, ಅದೇ ಎಡಗೈಯನ್ನು, ಮಗಳ ತುಟಿಯ ಮುಂದೆ ಇಟ್ಟುಕೊಂಡಳು. ಮೊದಲ ಸಲ ಗಾಳಿ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. “ಇನ್ನೊಮ್ಮೆ ಹೇಳು,” ಎಂದಳು.

“ಸುಖವಾಗಿರು,” ಎಂದಳು ಸಮೀಕ್ಷಾ. ಅಂಗೈಗೆ ಬೆಚ್ಚಗೆ ಉಸಿರು ತಾಕಿತು. ಜಲಜಾಕ್ಷಿ ಬೆರಳು ಮಡಚಿ ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು.